ಹೇಳದೆ ಬನ್ನಿ, ನಮ್ಮ ಮಾಳಿಗೆ ಹತ್ತಿ ಅಳೆಯಿರಿ

ಇವರಿಗೆ,
ಮಾನ್ಯ ಅಧ್ಯಕ್ಷರು,
ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ,
ಬೆಂಗಳೂರು.

ವಿಷಯ: ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳ ಸುತ್ತಲಿನ ಊರುಗಳಲ್ಲಿ ಕಲ್ಲಿದ್ದಲು ದೂಳು ಮತ್ತು ಹಾರುಬೂದಿಯನ್ನು ಅಳೆಯುವ ಕುರಿತು.

ಮಾನ್ಯರೇ,

‘ಈ ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂಬ ಸಾಲನ್ನು ನಾನು ದಿನಕ್ಕೆ ಐದಾರು ಸಲ ಟೈಪ್ ಮಾಡುತ್ತೇನೆ. ಪಹಣಿ ತಿದ್ದುಪಡಿಗೆ, ವಿಧವಾ ವೇತನಕ್ಕೆ, ಬೆಳೆ ಪರಿಹಾರಕ್ಕೆ, ರೇಷನ್ ಕಾರ್ಡಿನಲ್ಲಿ ಬಿಟ್ಟುಹೋದ ಸೊಸೆಯ ಹೆಸರಿಗೆ. ಬಯಲುಸೀಮೆಯ ಒಂದು ಊರಿನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಊರಿನ ಅರ್ಜಿಗಳೆಲ್ಲ ಹುಟ್ಟುವುದು ಅಲ್ಲೇ. ಕಂಪ್ಯೂಟರಿನಲ್ಲಿ ‘ಬೂದಿ ಅರ್ಜಿ’ ಅಂತ ಒಂದು ಫೈಲ್ ಇದೆ. ವರ್ಷಕ್ಕೆರಡು ಸಲ ತಾರೀಖು, ಕಚೇರಿ, ಸಹಿ ಮಾಡುವವರ ಹೆಸರು ಬದಲಿಸಿ ಅದನ್ನೇ ಪ್ರಿಂಟ್ ತೆಗೆದುಕೊಡುತ್ತ ಬಂದಿದ್ದೇನೆ. ಈ ಸಲದ ಅರ್ಜಿ ನನ್ನದೇ ಇರಲಿ ಅನ್ನಿಸಿತು. ಸ್ವಂತದ ಅರ್ಜಿಯಾದ್ದರಿಂದ ಆ ಮೊದಲ ಸಾಲನ್ನು ಬಿಟ್ಟಿದ್ದೇನೆ, ಕ್ಷಮಿಸಬೇಕು.

ಊರಿನ ಹೆಸರನ್ನಾಗಲಿ ಪಕ್ಕದ ಸ್ಥಾವರದ ಹೆಸರನ್ನಾಗಲಿ ಬರೆಯುವುದಿಲ್ಲ. ನನ್ನ ಅಣ್ಣನ ಮಗ ಅಲ್ಲಿ ಗುತ್ತಿಗೆಯ ಮೇಲೆ ಕೆಲಸಕ್ಕಿದ್ದಾನೆ. ಇಷ್ಟು ಹೇಳಿದರೆ ಕಾರಣ ತಮಗೆ ತಿಳಿದೀತು.

ನನ್ನ ಕೆಲಸ ಬಿಳಿ ಹಾಳೆಯ ಮೇಲೆ ಕಪ್ಪು ಪುಡಿ ಕೂರಿಸುವುದು. ಝೆರಾಕ್ಸ್ ಯಂತ್ರದ ಟೋನರ್ ಎಂದರೆ ನುಣ್ಣನೆಯ ಕಪ್ಪು ಪುಡಿಯೇ ತಾನೆ. ಅದು ಎಲ್ಲಿ ಕೂರಬೇಕೋ ಅಲ್ಲಿ ಕೂತರೆ ಅಕ್ಷರ, ಎಲ್ಲೆಂದರಲ್ಲಿ ಕೂತರೆ ಕೊಳೆ. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಗಾಜನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಮಧ್ಯಾಹ್ನ ಊಟಕ್ಕೆ ಹೋಗಿ ಬಂದು ನೋಡಿದರೆ ಗಾಜಿನ ಮೇಲೆ ಮತ್ತೆ ಬೂದುಬಣ್ಣದ ಪೊರೆ. ಅದನ್ನು ಒರೆಸದೆ ಆಧಾರ್ ಕಾರ್ಡು ಇಟ್ಟರೆ ಪ್ರತಿಯಲ್ಲಿ ಮುಖದ ತುಂಬ ಚುಕ್ಕೆ ಬರುತ್ತವೆ. ಡ್ರಮ್ಮಿನ ಮೇಲೆ ಗೆರೆ ಬಿದ್ದು ಪುಟದ ಉದ್ದಕ್ಕೂ ಕರಿ ಪಟ್ಟಿ ಬರತೊಡಗಿದಾಗ ಮೆಕ್ಯಾನಿಕ್ ಯಂತ್ರ ಬಿಚ್ಚಿ, ಒಳಗೆ ಬೆರಳಾಡಿಸಿ, ಮೂಸಿ ನೋಡಿ ‘ಇದು ಟೋನರ್ ಅಲ್ರೀ’ ಅಂದ. ಬಿಲ್ಲು ಮಾತ್ರ ನನ್ನ ಹೆಸರಿಗೇ ಬರೆದ.

ಯಂತ್ರದ ಮಾತು ಹಾಗಿರಲಿ. ನಮ್ಮವ್ವನ ಮಾಳಿಗೆಗೆ ಬರುತ್ತೇನೆ.

ಅವ್ವ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಾಳೆ, ಶ್ಯಾವಿಗೆ ಹಾಕುತ್ತಾಳೆ, ಸಂಡಿಗೆ ಇಡುತ್ತಾಳೆ. ಓದು ಬರಹ ಬಾರದ ಈ ಹೆಂಗಸು ದೂಳನ್ನು ಓದುತ್ತಾಳೆ. ಸ್ಟೀಲ್ ತಟ್ಟೆಯ ಮೇಲೆ ಬಿದ್ದದ್ದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ಹೇಳುತ್ತಾಳೆ. ಕಾಡಿಗೆಯ ಹಾಗೆ ಕರ್ರಗೆ ಬಳಿದುಕೊಂಡರೆ ಅದು ಕಲ್ಲಿದ್ದಲು, ರೇಲ್ವೆ ಕಡೆಯಿಂದ ಬಂದದ್ದು. ಪೌಡರಿನ ಹಾಗೆ ಜಾರಿ, ಬೆರಳ ಗೆರೆಯಲ್ಲಿ ಬೂದು ಬಣ್ಣ ಉಳಿದರೆ ಬೂದಿ, ಸ್ಥಾವರದವರು ಬೂದಿ ಬಿಡುವ ಹೊಂಡದ ಕಡೆಯದ್ದು. ಗರಗರ ಅಂದರೆ ಬರೀ ಮಣ್ಣು, ನಮ್ಮದೇ ರಸ್ತೆಯದು, ಯಾರನ್ನೂ ಬೈಯುವ ಹಾಗಿಲ್ಲ. ಗಾಳಿ ತಿರುಗಿತೆಂದರೆ ಓಣಿಯ ಹೆಂಗಸರೆಲ್ಲ ‘ಬೂದಿ ಬಂತು, ಅರಿವಿ ತಗೀರಿ’ ಅಂತ ಒಬ್ಬರಿಗೊಬ್ಬರು ಕೂಗುತ್ತಾರೆ. ಬೇರೆ ಊರುಗಳಲ್ಲಿ ಮಳೆ ಬಂದಾಗ ಕೂಗುವ ಮಾತು ಅದು. ಇಲ್ಲಿ ಹುಟ್ಟಿದ ಮಕ್ಕಳಿಗೆ ಮಾತ್ರ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ.

ಹತ್ತಿ ಒಡೆದು ನಿಂತ ಹೊಲದಲ್ಲೂ ಇದೇ ಕತೆ. ವ್ಯಾಪಾರಿ ಅರಳೆಯನ್ನು ಬೆರಳಲ್ಲಿ ಹಿಂಜಿ, ಬಿಸಿಲಿಗೆ ಹಿಡಿದು, ಏನೂ ಹೇಳದೆ ಒಂದು ರೇಟು ಹೇಳುತ್ತಾನೆ. ಅವನು ನುಂಗಿಕೊಂಡ ಮಾತು ಯಾವುದೆಂದು ಮಾರುವವನಿಗೂ ಗೊತ್ತು.

ಈಗ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನಮ್ಮ ಅರ್ಜಿಗಳ ಜೊತೆ ನಾವು ಲಗತ್ತಿಸುತ್ತಿದ್ದ ಫೋಟೊಗಳೆಲ್ಲ, ಅಂದರೆ ಕರ್ರಗಾದ ಅಂಗೈ, ಬೂದಿ ಹಿಡಿದ ತೊಗರಿ ಎಲೆ, ತಟ್ಟೆಯ ಮೇಲೆ ಬೆರಳಲ್ಲಿ ಬರೆದ ಹೆಸರು, ಇವು ತೋರಿಸುವುದು ಕಡಿಮೆ ಅಪಾಯದ ದೂಳನ್ನು. ಕಣ್ಣಿಗೆ ಕಾಣುವಷ್ಟು ದಪ್ಪದ ಕಣವನ್ನು ಮೂಗಿನ ಕೂದಲು, ಗಂಟಲಿನ ಕಫ ತಡೆಯುತ್ತವೆ, ಕೆಮ್ಮಿದರೆ ಬಹುಪಾಲು ಹೊರಗೆ ಬೀಳುತ್ತದೆ. ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೂ ಇಳಿಯುವುದು 2.5 ಮೈಕ್ರಾನಿಗಿಂತ ಸಣ್ಣ ಕಣ. ತಲೆಗೂದಲಿನ ಎಳೆ ಸುಮಾರು 50ರಿಂದ 70 ಮೈಕ್ರಾನ್ ದಪ್ಪ ಇರುತ್ತದೆಂದರೆ ಈ ಕಣ ಎಷ್ಟಿದ್ದೀತು ಲೆಕ್ಕ ಹಾಕಿ. ಅದು ತಟ್ಟೆಯ ಮೇಲೆ ಕೂರುವುದಿಲ್ಲ, ಅವ್ವನ ಬೆರಳಿಗೆ ಸಿಗುವುದಿಲ್ಲ. ಆಸ್ತಮಾ ಇದ್ದವರಿಗೆ ದಮ್ಮು ಏರಿಸುವುದು, ವರ್ಷಾನುಗಟ್ಟಲೆ ಸೇವಿಸಿದರೆ ಶ್ವಾಸಕೋಶವನ್ನೂ ಹೃದಯವನ್ನೂ ಕೆಡಿಸುವುದು ಅದು. ಸಾಲದ್ದಕ್ಕೆ ಹಾರುಬೂದಿಯಲ್ಲಿ ಸಿಲಿಕಾ ಇರುತ್ತದೆ, ಅಲ್ಪಸ್ವಲ್ಪ ಆರ್ಸೆನಿಕ್, ಸೀಸ, ಪಾದರಸವೂ ಇರುತ್ತವೆ. ಅಂದರೆ ನಮಗೆ ತೋರಿಸಲು ಬರುವುದು ಬೂದಿಯನ್ನು ಮಾತ್ರ. ನಮ್ಮನ್ನು ಕೊಲ್ಲಬಹುದಾದದ್ದನ್ನು ತೋರಿಸಲು ಯಂತ್ರ ಬೇಕು, ಆ ಯಂತ್ರ ಇರುವುದು ತಮ್ಮ ಕೈಯಲ್ಲಿ.

ಈ ಪತ್ರದ ಸಾರ ಇಷ್ಟೆ. ಉಳಿದದ್ದು ವಿವರ. ಆದರೆ ವಿವರವನ್ನೇ ಕಚೇರಿಗಳು ಕೇಳುತ್ತವೆ.

ಒಮ್ಮೆ ಒಂದು ಕಚೇರಿಗೆ ಊರಿನವರ ಜೊತೆ ನಾನೂ ಹೋಗಿದ್ದೆ. ಅಲ್ಲಿದ್ದವರು ಒಳ್ಳೆಯ ಮಾತಿನವರೇ. ಕೂರಿಸಿ, ಚಹಾ ತರಿಸಿ, ‘ಚಿಮಣಿಯ ರೀಡಿಂಗ್ ಮಿತಿಯೊಳಗೇ ಇದೆಯಲ್ಲಪ್ಪ’ ಅಂದರು. ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ನಿಜವೇ ಇರಬಹುದು. ಹೊಗೆಯ ಹಾದಿಯಲ್ಲಿ ಇಎಸ್‌ಪಿ ಎಂಬ ಯಂತ್ರ ಇರುತ್ತದೆ. ಅಣ್ಣನ ಮಗ ಅದರ ಕೆಲಸ ವಿವರಿಸಿದ್ದಾನೆ: ಸಾವಿರಾರು ವೋಲ್ಟ್ ವಿದ್ಯುತ್ ಹಾಯಿಸಿ ಬೂದಿಯ ಕಣಗಳಿಗೆ ಚಾರ್ಜ್ ಕೊಡುವುದು, ಅವು ದೊಡ್ಡ ದೊಡ್ಡ ತಗಡುಗಳಿಗೆ ಹೋಗಿ ಅಂಟಿಕೊಳ್ಳುವುದು, ಆಗಾಗ ಸುತ್ತಿಗೆ ಬಡಿದು ಅದನ್ನು ಕೆಳಗಿನ ಹಾಪರಿಗೆ ಉದುರಿಸುವುದು. ಚೆನ್ನಾಗಿಟ್ಟುಕೊಂಡ ಇಎಸ್‌ಪಿ ನೂರಕ್ಕೆ 99 ಪಾಲಿಗಿಂತಲೂ ಹೆಚ್ಚು ಬೂದಿ ಹಿಡಿಯುತ್ತದೆ. ಘಟಕ ಶುರು ಮಾಡುವಾಗ, ಆ ಯಂತ್ರ ಕೆಟ್ಟಾಗ ಚಿಮಣಿ ಕಪ್ಪು ಉಗುಳುವುದು ಬೇರೆ ಮಾತು. ನನ್ನ ತಕರಾರು ಚಿಮಣಿಯ ಮೇಲೆ ಅಷ್ಟಿಲ್ಲ. ನಮ್ಮ ದೂಳು ನೆಲದಿಂದ ಏಳುತ್ತದೆ.

ವ್ಯಾಗನ್ ಮಗುಚುವ ಟಿಪ್ಲರ್ ಬಳಿ ಏಳುತ್ತದೆ. ಕ್ರಷರ್ ಹತ್ತಿರ, ಕನ್ವೇಯರ್ ಬೆಲ್ಟು ಒಂದರಿಂದ ಇನ್ನೊಂದಕ್ಕೆ ಬೀಳುವ ಜಾಗದಲ್ಲಿ ಏಳುತ್ತದೆ. ಬಯಲಲ್ಲಿ ಗುಡ್ಡೆ ಹಾಕಿದ ಕಲ್ಲಿದ್ದಲಿನಿಂದ ಏಳುತ್ತದೆ. ಬೇಸಿಗೆಯಲ್ಲಿ ಆ ಗುಡ್ಡೆ ತನ್ನಷ್ಟಕ್ಕೆ ತಾನೇ ಒಳಗೊಳಗೆ ಹೊತ್ತಿಕೊಂಡು ಹೊಗೆಯಾಡುವುದೂ ಉಂಟು. ಬೂದಿಯನ್ನು ಸಿಮೆಂಟ್ ಕಾರ್ಖಾನೆಗೆ ಒಯ್ಯುವ ಬಲ್ಕರ್‌ಗಳಿಂದ, ಹೊಂಡದ ಬೂದಿ ತುಂಬಿದ ಟಿಪ್ಪರ್‌ಗಳಿಂದ ಉದುರುತ್ತದೆ. ತಾಡಪತ್ರಿ ಇರುತ್ತದೆ, ಮೂರು ಮೂಲೆ ಕಟ್ಟಿರುತ್ತಾರೆ. ಎಲ್ಲಕ್ಕಿಂತ ಹೆಚ್ಚು ಬೂದಿ ಹೊಂಡದಿಂದ. ನೀರಿನ ಜೊತೆ ಪೈಪಿನಲ್ಲಿ ಬಂದ ಬೂದಿ ಹೊಂಡದಲ್ಲಿ ತಂಗುತ್ತದೆ. ನೀರು ನಿಂತಿರುವವರೆಗೆ ಅದು ಸಾಧು. ಫೆಬ್ರುವರಿ ಕಳೆದು ನೀರು ಇಂಗಿ ಮೇಲ್ಪದರ ಒಣಗಿತೆಂದರೆ ನೂರಾರು ಎಕರೆ ಪೌಡರ್ ಡಬ್ಬಿಯ ಮುಚ್ಚಳ ತೆಗೆದಿಟ್ಟ ಹಾಗೆ. ಚಿಮಣಿಗೆ ಕಟ್ಟಿದ ಅಳತೆಯ ಯಂತ್ರ ಇದರಲ್ಲಿ ಒಂದನ್ನೂ ನೋಡುವುದಿಲ್ಲ. ಅಷ್ಟು ಎತ್ತರದಲ್ಲಿ ಕೂತು ನೆಲದ ಮೇಲಿನದನ್ನು ಅದು ಹೇಗೆ ನೋಡೀತು?

ಇನ್ನು ಗಾಳಿಯ ಗುಣಮಟ್ಟ ಅಳೆಯುವ ಕೇಂದ್ರ. ನಮಗೆ ಹತ್ತಿರದ್ದೆಂದರೆ ಜಿಲ್ಲಾ ಕೇಂದ್ರದಲ್ಲಿ, ಬೇವಿನ ಮರಗಳಿರುವ ಒಂದು ಆವರಣದಲ್ಲಿದೆ. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಅಲ್ಲಿನ ಗಾಳಿಗೂ ನಮ್ಮ ಓಣಿಯ ಗಾಳಿಗೂ ಏನು ನಂಟು?

ಸರಾಸರಿಯ ಲೆಕ್ಕವೊಂದಿದೆ. 2009ರ ರಾಷ್ಟ್ರೀಯ ಮಾನದಂಡದ ಪ್ರಕಾರ ಪಿಎಂ 10, ಅಂದರೆ 10 ಮೈಕ್ರಾನಿನೊಳಗಿನ ಕಣಗಳ 24 ಗಂಟೆಯ ಸರಾಸರಿ ಘನ ಮೀಟರಿಗೆ 100 ಮೈಕ್ರೊಗ್ರಾಂ ದಾಟಬಾರದು, ಮೇಲೆ ಹೇಳಿದ ಸಣ್ಣ ಕಣ, ಅಂದರೆ ಪಿಎಂ 2.5 ಆದರೆ 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 45 ಮತ್ತು 15. ಆ ಅಂತರದ ಜಗಳ ಬೇಡ, ನಮ್ಮ ದೇಶದ ಮಿತಿಯನ್ನೇ ಹಿಡಿಯೋಣ. ನಮ್ಮಲ್ಲಿ ಬೂದಿ ಬರುವುದು ಮಧ್ಯಾಹ್ನ ಎರಡರಿಂದ ಸಂಜೆ ಐದರವರೆಗೆ, ಬಿಸಿಗಾಳಿಯ ಜೊತೆ. ಉಳಿದ 21 ಗಂಟೆಗಳ ಜೊತೆ ಕೂಡಿಸಿ ಭಾಗಿಸಿದರೆ ಅಂಕಿ ಸಭ್ಯವಾಗಿಬಿಡುತ್ತದೆ. ದಿನದ ಉಪ್ಪನ್ನೆಲ್ಲ ಮಧ್ಯಾಹ್ನದ ಪಲ್ಯವೊಂದಕ್ಕೇ ಸುರಿದು, ‘ಮೂರು ಹೊತ್ತಿನ ಸರಾಸರಿ ಸರಿಯಿದೆಯಲ್ಲ’ ಅಂದರೆ ಉಂಡವನು ಏನೆನ್ನಬೇಕು?

ಅಳತೆ ಇಲ್ಲದ ಊರಿಗೆ ಪಟ್ಟಿಯಲ್ಲೂ ಜಾಗ ಇಲ್ಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಸೇರಿದವು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ–ಧಾರವಾಡ ಮತ್ತು ಕಲಬುರಗಿ. ಶಕ್ತಿನಗರ ಮತ್ತು ಯರಮರಸ್ ಇರುವ ರಾಯಚೂರಿಲ್ಲ, ಕುಡತಿನಿ ಇರುವ ಬಳ್ಳಾರಿ ಇಲ್ಲ, ಕೂಡಗಿಯ ವಿಜಯಪುರ ಇಲ್ಲ, ಎಲ್ಲೂರಿನ ಉಡುಪಿ ಇಲ್ಲ. ರಾಜ್ಯದ ಈ ಐದು ಕಲ್ಲಿದ್ದಲು ಸ್ಥಾವರಗಳ ಸಾಮರ್ಥ್ಯ ಕೂಡಿಸಿದರೆ 8,600 ಮೆಗಾವಾಟ್ ದಾಟುತ್ತದೆ. ದೂಳಿನ ಪಟ್ಟಿಯಲ್ಲಿ ಮಾತ್ರ ಇವುಗಳ ಜಿಲ್ಲೆಗಳ ಹೆಸರಿಲ್ಲ. ನಗರಗಳ ಪಟ್ಟಿ ಅದು, ಹಳ್ಳಿಗೆ ಅದರಲ್ಲಿ ಮೊದಲೇ ಜಾಗ ಇರಲಿಲ್ಲ ಅನ್ನುವುದು ಬೇರೆ.

2015ರ ಡಿಸೆಂಬರ್ 7ರಂದು ಕೇಂದ್ರ ಪರಿಸರ ಸಚಿವಾಲಯ ಉಷ್ಣ ಸ್ಥಾವರಗಳಿಗೆ ಹೊಸ ಮಿತಿ ಹಾಕಿದಾಗ ಆ ಪ್ರತಿಯನ್ನು ನಾನೇ ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೆದಿದ್ದೆ. 2003ರೊಳಗೆ ಹಾಕಿದ ಘಟಕದ ಹೊಗೆಯಲ್ಲಿ ಘನ ಮೀಟರಿಗೆ 100 ಮಿಲಿಗ್ರಾಂ ದೂಳು, 2004ರಿಂದ 2016ರ ನಡುವಿನದ್ದಕ್ಕೆ 50, 2017ರ ನಂತರದ್ದಕ್ಕೆ 30. ಘಟಕ ಹಳೆಯದಾದಷ್ಟೂ ರಿಯಾಯಿತಿ ಜಾಸ್ತಿ. ಉಸಿರಾಡುವವರಿಗೆ ಆ ತರಹದ ವಯಸ್ಸಿನ ರಿಯಾಯಿತಿ ಇಲ್ಲ. ಗಂಧಕದ ಡೈಆಕ್ಸೈಡಿಗೂ ಮಿತಿ ಇತ್ತು, ಎರಡು ವರ್ಷದ ಗಡುವೂ ಇತ್ತು. ಗಡುವು 2017ರಿಂದ 2022ಕ್ಕೆ ಹೋಯಿತು, ಅಲ್ಲಿಂದ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಕೊನೆಗೆ 2025ರ ಜುಲೈನಲ್ಲಿ, ಚಿಮಣಿಯ ಎತ್ತರ ಸರಿಯಿದ್ದರೆ ಸಾಕು ಅಂತ, ದೇಶದ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಘಟಕಗಳನ್ನು ಗಂಧಕದ ಮಿತಿಯಿಂದಲೇ ಬಿಟ್ಟುಬಿಟ್ಟರು. ಕಡ್ಡಾಯವಾಗಿ ಉಳಿದದ್ದು ದೆಹಲಿ ಸುತ್ತಮುತ್ತ ಮತ್ತು ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳ 10 ಕಿಲೊಮೀಟರ್ ಒಳಗಿನವಕ್ಕೆ. ನಮ್ಮೂರಲ್ಲಿ ಹತ್ತು ಲಕ್ಷ ಜನ ಇಲ್ಲ, ಸ್ವಾಮಿ. ಹತ್ತು ಸಾವಿರವೂ ಇಲ್ಲ.

ಸರ್ಕಾರದ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಹೊಗೆಯಿಂದ ಅದನ್ನು ತೊಳೆದು ತೆಗೆಯುವ ಯಂತ್ರ ದುಬಾರಿ, ಅದು ಕರೆಂಟನ್ನೂ ತಿನ್ನುತ್ತದೆ. ಇವೆಲ್ಲ ಸರಿ. ಆದರೆ ಆ ಗಂಧಕದ ಅನಿಲ ಗಾಳಿಯಲ್ಲಿ ನೂರಾರು ಕಿಲೊಮೀಟರ್ ಸಾಗುತ್ತ ಸಲ್ಫೇಟ್ ಕಣವಾಗುತ್ತದೆ, ಅದೂ ಪಿಎಂ 2.5. ಎತ್ತರದ ಚಿಮಣಿ ಕಸವನ್ನು ಗುಡಿಸುವುದಿಲ್ಲ, ಪಕ್ಕದ ಜಿಲ್ಲೆಯ ಅಂಗಳಕ್ಕೆ ತೂರುತ್ತದೆ.

ಕಡಿಮೆ ಗಂಧಕದ ಇದೇ ಕಲ್ಲಿದ್ದಲಿನಲ್ಲಿ ಬೂದಿ ಮಾತ್ರ ನೂರಕ್ಕೆ 30ರಿಂದ 45 ಪಾಲು. ಒಡಿಶಾದ ತಾಲ್ಚೇರ್ ಕಡೆಯಿಂದ ಸಾವಿರಕ್ಕೂ ಹೆಚ್ಚು ಕಿಲೊಮೀಟರ್ ರೈಲಿನಲ್ಲಿ ಬರುವ ಮೂರು ವ್ಯಾಗನ್‌ಗಳಲ್ಲಿ ಒಂದು ವ್ಯಾಗನ್ ಬೂದಿಯೇ ಅನ್ನಿ, ಅದಕ್ಕೂ ರೈಲ್ವೆಗೆ ಬಾಡಿಗೆ ತೆತ್ತು ತರಿಸುತ್ತೇವೆ. ದೂರ ಸಾಗಿಸುವ ಕಲ್ಲಿದ್ದಲಿನಲ್ಲಿ ಬೂದಿ ನೂರಕ್ಕೆ 34 ದಾಟಬಾರದು ಎಂಬ ನಿಯಮ ಇತ್ತು, ಗಣಿಯ ಬಳಿಯೇ ತೊಳೆದು ಕಳಿಸಲಿ ಅಂತ. 2020ರ ಮೇ ತಿಂಗಳಲ್ಲಿ, ದೇಶವೆಲ್ಲ ಮಾಸ್ಕ್ ಕಟ್ಟಿಕೊಂಡು ಮನೆಯಲ್ಲಿ ಕೂತಿದ್ದಾಗ, ಅದನ್ನು ತೆಗೆದುಹಾಕಿದರು.

ನಾನು ಕರೆಂಟು ಬೇಡ ಅನ್ನುವವನಲ್ಲ. ನನ್ನ ಅಂಗಡಿ ನಡೆಯುವುದೇ ಕರೆಂಟಿನ ಮೇಲೆ. 1985ರಲ್ಲಿ ಶಕ್ತಿನಗರದ ಮೊದಲ ಘಟಕ ಶುರುವಾಗುವ ಮುಂಚೆ ರಾಜ್ಯ ಬಹುಮಟ್ಟಿಗೆ ಶರಾವತಿಯಂಥ ನದಿಗಳ ನೀರನ್ನೇ ನಂಬಿಕೊಂಡಿತ್ತು, ಮಳೆ ಕೈಕೊಟ್ಟ ವರ್ಷ ಕತ್ತಲೆ. ಅದು ನನಗೂ ನೆನಪಿದೆ. ಈಗ ನಮ್ಮ ಮನೆಗೂ ಗೃಹಜ್ಯೋತಿಯ ಸೊನ್ನೆ ಬಿಲ್ಲು ಬರುತ್ತದೆ. ಒಂದು ದಿನ ಅದರ ಹಿಂಬದಿಯಲ್ಲೇ ಲೆಕ್ಕ ಹಾಕಿದೆ. ಒಂದು ಯೂನಿಟ್‌ಗೆ ಸುಮಾರು 700 ಗ್ರಾಂ ಕಲ್ಲಿದ್ದಲು, ಅದರಲ್ಲಿ ಕಾಲು ಕಿಲೊದಷ್ಟು ಬೂದಿ. ತಿಂಗಳಿಗೆ 200 ಯೂನಿಟ್ ಪೂರ್ತಿ ಕಲ್ಲಿದ್ದಲಿನಿಂದಲೇ ಬಂದರೆ ಮನೆಯೊಂದಕ್ಕೆ 50 ಕಿಲೊ ಬೂದಿ. ಸರಿಯಾಗಿ ಒಂದು ಸಿಮೆಂಟ್ ಚೀಲ. ಬೆಂಗಳೂರಿನ ಪ್ರತಿ ಮನೆಯ ಗೇಟಿನ ಮುಂದೆ ತಿಂಗಳಿಗೊಂದು ಚೀಲ ಬೂದಿ ತಂದಿಟ್ಟಿದ್ದರೆ ಈ ಪತ್ರವನ್ನು ನಾನು ಬರೆಯಬೇಕಾಗಿರಲಿಲ್ಲ.

ಆ ಬೂದಿ ವ್ಯರ್ಥದ ವಸ್ತುವೂ ಅಲ್ಲ. ಸಿಮೆಂಟಿಗೆ ಹೋಗುತ್ತದೆ, ಇಟ್ಟಿಗೆಗೆ ಹೋಗುತ್ತದೆ. 1999ರಿಂದ ಅದನ್ನು ಬಳಸಿ ಮುಗಿಸಬೇಕೆಂಬ ಅಧಿಸೂಚನೆಗಳು ಬರುತ್ತಲೇ ಇವೆ. 2021ರ ಡಿಸೆಂಬರ್ 31ರದ್ದು, ಬಳಸದೆ ಉಳಿದ ಟನ್‌ಗೆ 1,000 ರೂಪಾಯಿ ಪರಿಸರ ಪರಿಹಾರ ಕಟ್ಟಬೇಕು ಎನ್ನುತ್ತದೆ. ನಯವಾದ ಒಣ ಬೂದಿಗೆ ಗಿರಾಕಿ ಇದ್ದಾರೆ. ವರ್ಷಗಳಿಂದ ಹೊಂಡದಲ್ಲಿ ಬಿದ್ದ ಹಳೆಯ ಬೂದಿಯನ್ನು ಕೇಳುವವರು ಕಡಿಮೆ. ನಮ್ಮ ಮಾಳಿಗೆಗೆ ಬರುವುದು ಅದೇ.

ತಮ್ಮ ಕೈಯಲ್ಲಿ ಏನಿದೆ ಅಂತ ಕೇಳಬಹುದು. ಅರ್ಜಿ ಬರೆದು ಬರೆದು ಕಾನೂನನ್ನೂ ಅಷ್ಟಿಷ್ಟು ಓದಿಕೊಂಡಿದ್ದೇನೆ. 1981ರ ವಾಯು ಕಾಯ್ದೆಯ 21ನೇ ಕಲಮಿನ ಪ್ರಕಾರ ಮಂಡಳಿಯ ಸಮ್ಮತಿ ಇಲ್ಲದೆ ಯಾವ ಸ್ಥಾವರವೂ ಓಡುವ ಹಾಗಿಲ್ಲ, ಸಮ್ಮತಿಗೆ ಷರತ್ತು ಹಾಕುವ ಅಧಿಕಾರ ತಮ್ಮದು. 1986ರ ಪರಿಸರ ಸಂರಕ್ಷಣಾ ನಿಯಮಗಳ 3(2)ರಲ್ಲಿ ರಾಜ್ಯ ಮಂಡಳಿ ಕಾರಣ ದಾಖಲಿಸಿ ಕೇಂದ್ರದ್ದಕ್ಕಿಂತ ಬಿಗಿಯಾದ ಮಿತಿ ಹಾಕಬಹುದು ಎಂದಿದೆ. ಕೇಂದ್ರ ಬಿಟ್ಟುಕೊಟ್ಟದ್ದು ಗಂಧಕದ ಮಿತಿಯನ್ನು. ದೂಳಿನ ಮಿತಿಯನ್ನು ಯಾರೂ ಬಿಟ್ಟುಕೊಟ್ಟಿಲ್ಲ. ಅದು ಪುಸ್ತಕದಲ್ಲಿ ಹಾಗೇ ಇದೆ.

ಹಾಗಾಗಿ ಕೇಳುತ್ತೇನೆ. ಮುಂದಿನ ಸಲ ಸಮ್ಮತಿ ನವೀಕರಣಕ್ಕೆ ಕಡತ ಬಂದಾಗ, ಸ್ಥಾವರದ ಸುತ್ತ ಗಾಳಿ ಬೀಸುವ ದಿಕ್ಕಿನ ಊರುಗಳಲ್ಲಿ, ಮನುಷ್ಯನ ಮೂಗಿನ ಎತ್ತರದಲ್ಲಿ, ದಿನದ 24 ಗಂಟೆಯೂ ಓಡುವ ಯಂತ್ರ ಇಡುವುದನ್ನು ಷರತ್ತಾಗಿ ಬರೆಯಿರಿ. ಅಂಕಿಯನ್ನು ಗಂಟೆಗಂಟೆಗೆ ಕೊಡಿ, ದಿನದ ಸರಾಸರಿಯಲ್ಲಿ ಹೂಳಬೇಡಿ. ಗ್ರಾಮ ಪಂಚಾಯಿತಿ ಗೋಡೆಯ ಮೇಲೆ ಕನ್ನಡದಲ್ಲಿ ಕಾಣುವ ಹಾಗೆ ಹಾಕಿಸಿ. ಹಾಕಿಸಲು ಬೋರ್ಡ್ ಇಲ್ಲವೆಂದರೆ ನಾನೇ ದಿನಾ ಪ್ರಿಂಟ್ ತೆಗೆದು ಅಂಟಿಸುತ್ತೇನೆ, ಪ್ರತಿಗೆ ಎರಡು ರೂಪಾಯಿಯೂ ಬೇಡ. ಬೂದಿ ಹೊಂಡದ ಮೇಲ್ಪದರ ಜನವರಿಯಿಂದ ಮಳೆಗಾಲದವರೆಗೆ ಒಣಗದ ಹಾಗೆ ನೋಡಿಕೊಳ್ಳಲಿ, ಕಲ್ಲಿದ್ದಲಿನ ಗುಡ್ಡೆಗೆ ಗಾಳಿ ತಡೆಯುವ ಗೋಡೆ ಕಟ್ಟಲಿ, ಟಿಪ್ಪರ್‌ಗಳು ಗೇಟು ದಾಟುವ ಮುಂಚೆ ಚಕ್ರ ತೊಳೆಯಲಿ. ಇವೆಲ್ಲ ರಾಕೆಟ್ ಹಾರಿಸುವಂಥ ಕೆಲಸವಲ್ಲ, ನೀರು ಮತ್ತು ನಿಗಾ ಸಾಕು.

ಯಂತ್ರ ಬಂದರೆ ನಮ್ಮ ಲೆಕ್ಕವೇ ತಪ್ಪಾಗಬಹುದು, ಅದೂ ನನಗೆ ಗೊತ್ತು. ಊರಿನ ಕೆಮ್ಮೆಲ್ಲ ಸ್ಥಾವರದ್ದೇ ಎನ್ನುವಷ್ಟು ದಡ್ಡ ನಾನಲ್ಲ. ಬೀಡಿ ಇದೆ, ಸೌದೆ ಒಲೆ ಇನ್ನೂ ಕೆಲವು ಮನೆಗಳಲ್ಲಿದೆ, ಹತ್ತಿ ಕಟ್ಟಿಗೆ ಸುಡುವುದಿದೆ, ಹಾಳಾದ ರಸ್ತೆ ಇದೆ. ಅವ್ವನಿಗೆ ಎರಡು ವರ್ಷದಿಂದ ರಾತ್ರಿ ದಮ್ಮು. ಡಾಕ್ಟರು ‘ಬೀಡಿ ಸೇದ್ತೀರೇನಮ್ಮಾ?’ ಅಂದರು. ಅವ್ವ ನಕ್ಕಳು. ‘ಒಲಿ?’ ಅಂದರು. ಗ್ಯಾಸ್ ಬಂದು ಹನ್ನೆರಡು ವರ್ಷವಾಯಿತು. ಅವರು ಮುಂದೆ ಏನೂ ಕೇಳಲಿಲ್ಲ, ಇನ್‌ಹೇಲರ್ ಬರೆದುಕೊಟ್ಟರು. ಯಾವ ಪಾಲು ಯಾರದ್ದು ಅಂತ ಅವರಾದರೂ ಏನು ನೋಡಿ ಹೇಳಬೇಕು? ಹತ್ತಿರದಲ್ಲಿ ಒಂದು ಅಂಕಿಯೂ ಇಲ್ಲ.

ಅಣ್ಣನ ಮಗ ಈ ಪತ್ರವನ್ನು ಓದಿದ. ಕಲ್ಲಿದ್ದಲು ವಿಭಾಗದಿಂದ ಡ್ಯೂಟಿ ಮುಗಿಸಿ ಬಂದಿದ್ದ, ಕಣ್ಣಿನ ಸುತ್ತ ಕಾಡಿಗೆ ಹಚ್ಚಿದ ಹಾಗೆ ಕಪ್ಪು. ‘ಕಾಕಾ, ಹೆಸರು ಹಾಕಬ್ಯಾಡ’ ಅಂದ. ಸ್ವಲ್ಪ ಹೊತ್ತು ಬಿಟ್ಟು, ‘ಚಕ್ರ ತೊಳಿಯೋದು ಬರದಿಯಲ್ಲ, ನಮಗ ಮಾಸ್ಕು ಕೊಡೋದೂ ಬರಿ’ ಅಂದ. ಅವನ ಮಾತನ್ನೂ ಸೇರಿಸಿದ್ದೇನೆ.

ಬರುವುದಾದರೆ ಒಂದು ವಿನಂತಿ. ದೊಡ್ಡವರು ಯಾರಾದರೂ ಬರುವ ದಿನ ನಮಗೆ ಬೆಳಿಗ್ಗೆಯೇ ತಿಳಿಯುತ್ತದೆ. ರಸ್ತೆಗೆ ಟ್ಯಾಂಕರ್ ನೀರು ಬೀಳುತ್ತದೆ, ಟಿಪ್ಪರ್‌ಗಳ ನಾಲ್ಕನೇ ಮೂಲೆಯನ್ನೂ ಕಟ್ಟಿರುತ್ತಾರೆ, ಗಾಳಿಯಲ್ಲಿ ಹಸಿ ಮಣ್ಣಿನ ವಾಸನೆ ಇರುತ್ತದೆ. ಅಂಥ ದಿನ ಬರಬೇಡಿ. ಏಪ್ರಿಲ್‌ನಲ್ಲಿ ಯಾವುದಾದರೊಂದು ದಿನ, ಮಧ್ಯಾಹ್ನ ಎರಡು ಗಂಟೆಯ ಮೇಲೆ, ಯಾರಿಗೂ ಹೇಳದೆ ಬನ್ನಿ. ಬಸ್ ಸ್ಟ್ಯಾಂಡಿನ ಎದುರು ಝೆರಾಕ್ಸ್ ಅಂಗಡಿ ಒಂದೇ ಇರುವುದು. ಮಾಳಿಗೆಗೆ ಏಣಿ ಇದೆ. ಅವ್ವ ಮೆಣಸಿನಕಾಯಿ ಹರವಿರುತ್ತಾಳೆ, ಬದಿಗೆ ಒಂದು ತಟ್ಟೆ ಖಾಲಿ ಇಟ್ಟಿರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಊರಿನ ಅರ್ಜಿ ಬರೆಯುವವ

ಲಗತ್ತು: ‘ಬೂದಿ ಅರ್ಜಿ’ಯ ಹಳೆಯ ಪ್ರತಿಗಳು. ಪುಟದ ಉದ್ದಕ್ಕೂ ಇರುವ ಕರಿ ಪಟ್ಟಿಗೆ ಕಾರಣವನ್ನು ಮೇಲೆ ತಿಳಿಸಿದ್ದೇನೆ.